ಪೋರ್ಚುಗೀಸರ ಪ್ರಶ್ನೆಗೆ ನೀನೇನು ಬರೆದೆ?

ಪರೀಕ್ಷೆ ಮುಗಿಸಿ ಹೊರಬಂದ ಮೊದಲ ಹತ್ತು ನಿಮಿಷ ಎಲ್ಲ ಊರಲ್ಲೂ ಒಂದೇ ಥರ. ನಾಲ್ಕು ಜನ ಗುಂಪು ಸೇರುತ್ತಾರೆ, ‘ನೀನೇನು ಬರೆದೆ?’ ಶುರುವಾಗುತ್ತದೆ. ಗಣಿತವಾದರೆ ಮಾತು ಬೇಗ ಮುಗಿಯುತ್ತದೆ. ಮೂವರಿಗೆ 42 ಬಂದು ಒಬ್ಬನಿಗೆ 24 ಬಂದಿದ್ದರೆ ಆ ಒಬ್ಬನ ಮುಖ ಸಪ್ಪಗಾಗುತ್ತದೆ, ಅಷ್ಟೇ. ಇತಿಹಾಸದಲ್ಲೂ ಇಸವಿ, ಹೆಸರುಗಳ ಮಟ್ಟಿಗೆ ಇದೇ ಲೆಕ್ಕ. ಆದರೆ ಕೆಲವು ಪ್ರಶ್ನೆಗಳಲ್ಲಿ ಇಬ್ಬರ ಉತ್ತರ ಪೂರ್ತಿ ಎದುರುಬದುರಾಗಿದ್ದು, ಇಬ್ಬರಿಗೂ ಪೂರ್ಣ ಅಂಕ ಬರಬಹುದು. ಅಂಥ ಒಂದು ಪ್ರಶ್ನೆಯ ಕಥೆ ಇದು. ಪರೀಕ್ಷೆ ನಡೆದದ್ದು ಅಮೆರಿಕದಲ್ಲಿ, ಪ್ರಶ್ನೆ ಇದ್ದದ್ದು ನಮ್ಮ ಕಡಲಿನ ಬಗ್ಗೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದ ಪಾಠಗಳನ್ನು ಓದಿ ‘ಎಪಿ’ ಪರೀಕ್ಷೆ ಬರೆಯುವ ವ್ಯವಸ್ಥೆಯಿದೆ. ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಒಂದರಿಂದ ಐದರವರೆಗೆ ಶ್ರೇಣಿ; ಮೇಲಿನ ಶ್ರೇಣಿ ಸಿಕ್ಕರೆ ಅನೇಕ ಕಾಲೇಜುಗಳಲ್ಲಿ ಆ ವಿಷಯವನ್ನು ಮತ್ತೆ ಓದಬೇಕಿಲ್ಲ. ಇದರಲ್ಲಿ ವಿಶ್ವ ಇತಿಹಾಸದ ಪರೀಕ್ಷೆ ಮೊದಲು ನಡೆದದ್ದು 2002ರಲ್ಲಿ. ಆಗ ಬರೆದವರು ಸುಮಾರು 21 ಸಾವಿರ. 2018ರ ಹೊತ್ತಿಗೆ ಮೂರು ಲಕ್ಷ ದಾಟಿತ್ತು. ಮೂರೂಕಾಲು ಗಂಟೆಯ ಪರೀಕ್ಷೆ. ಮೊದಲು 55 ಬಹು ಆಯ್ಕೆಯ ಪ್ರಶ್ನೆಗಳು, ಆಮೇಲೆ ಸಣ್ಣ ಉತ್ತರಗಳು, ಕೊನೆಗೆ ಎರಡು ಪ್ರಬಂಧ. ಎಲ್ಲರೂ ಹೆದರುವುದು ದಾಖಲೆ ಆಧಾರಿತ ಪ್ರಬಂಧಕ್ಕೆ. ಏಳು ಹಳೆಯ ದಾಖಲೆಗಳನ್ನು ಮುಂದಿಡುತ್ತಾರೆ. ಒಂದು ಗಂಟೆಯಲ್ಲಿ ಓದಿ, ನಂಬಬೇಕಾದದ್ದೆಷ್ಟು ಬಿಡಬೇಕಾದದ್ದೆಷ್ಟು ಎಂದು ತೂಗಿ, ತನ್ನದೇ ವಾದ ಕಟ್ಟಬೇಕು.

2019ರ ಮೇ ತಿಂಗಳಲ್ಲಿ ಬಂದ ಪ್ರಶ್ನೆಯ ಸಾರ ಹೀಗಿತ್ತು: ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಹಿಂದೂ ಮಹಾಸಾಗರದ ವ್ಯಾಪಾರವನ್ನು ಎಷ್ಟರ ಮಟ್ಟಿಗೆ ಬದಲಿಸಿದರು?

ಬಹು ಆಯ್ಕೆಯ ಪ್ರಶ್ನೆಗಳನ್ನು ಯಾರ ಹತ್ತಿರವೂ ಚರ್ಚಿಸಬಾರದು, ಪ್ರಬಂಧದ ಪ್ರಶ್ನೆಗಳನ್ನು ಸಂಸ್ಥೆಯೇ ಪ್ರಕಟಿಸುವವರೆಗೆ ಬಾಯಿ ಬಿಡಬಾರದು ಎಂಬ ನಿಯಮವಿದೆ. ಸಾಮಾನ್ಯವಾಗಿ ಎರಡು ದಿನದ ಮೌನ. ಅದು ಮುಗಿದ ಮೇಲೆ ಇಬ್ಬರು ಗೆಳತಿಯರು ಎದುರಾದರು ಎಂದಿಟ್ಟುಕೊಳ್ಳಿ.

‘ತುಂಬಾ ಬದಲಿಸಿದರು ಅಂತ ಬರೆದೆ’ ಎನ್ನುತ್ತಾಳೆ ಒಬ್ಬಳು. ಅವಳ ಹತ್ತಿರ ಗಟ್ಟಿ ಆಧಾರವಿದೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವಾ, ಮರುವರ್ಷ ಮಲಾಕ್ಕ, 1515ರಲ್ಲಿ ಹೊರ್ಮುಜ್ ಪೋರ್ಚುಗೀಸರ ಕೈಸೇರಿದವು. ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕು ಜಪ್ತಿ. ಬಂದರಿನಲ್ಲಿ ಸುಂಕ ಕೊಡುವುದು ಎಲ್ಲರಿಗೂ ಗೊತ್ತಿತ್ತು. ನಡುಗಡಲಲ್ಲಿ ಹೋಗುವುದಕ್ಕೂ ಅಪ್ಪಣೆ ಬೇಕು, ಅದೂ ಇಡೀ ಸಾಗರದಲ್ಲಿ ಎನ್ನುವುದು ಹೊಸದು.

‘ನಾನು ಅಷ್ಟೇನೂ ಬದಲಾಗಲಿಲ್ಲ ಅಂತ ಬರೆದೆನಲ್ಲೇ!’ ಇನ್ನೊಬ್ಬಳಿಗೆ ಗಾಬರಿ. ಆದರೆ ಅವಳ ಆಧಾರವೂ ಕಡಿಮೆಯದಲ್ಲ. 1513ರಲ್ಲಿ ಪೋರ್ಚುಗೀಸರು ಏಡನ್ ಹಿಡಿಯಲು ಹೋಗಿ ಸೋತರು. ಕೆಂಪು ಸಮುದ್ರದ ಬಾಗಿಲು ಅವರ ಕೈಗೆ ಸಿಗಲಿಲ್ಲ. ಶತಮಾನದ ನಡುವಿನ ಹೊತ್ತಿಗೆ ಆ ದಾರಿಯಲ್ಲಿ ಕರಿಮೆಣಸು ಮತ್ತೆ ಧಾರಾಳವಾಗಿ ಹೋಗುತ್ತಿತ್ತು. ಗುಜರಾತಿನ ವರ್ತಕರು ವ್ಯಾಪಾರ ಬಿಡಲಿಲ್ಲ. ಪೋರ್ಚುಗೀಸರೇ ಏಷ್ಯಾದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಹಳೆಯ ದಂಧೆಗೆ ಇಳಿದರು.

ಇಬ್ಬರಲ್ಲಿ ಯಾರು ಸರಿ? ಪ್ರಬಂಧಕ್ಕಿರುವುದು ಏಳು ಅಂಕ. ಸ್ಪಷ್ಟ ನಿಲುವಿಗೆ ಒಂದು, ಹಿನ್ನೆಲೆ ಕೊಟ್ಟದ್ದಕ್ಕೆ ಒಂದು, ಆಧಾರಗಳಿಗೆ ಮೂರು, ವಿಶ್ಲೇಷಣೆಗೆ ಎರಡು. ನಿಲುವು ಯಾವ ಕಡೆಗಿತ್ತು ಎಂಬುದಕ್ಕೆ ಅಂಕವೇ ಇಲ್ಲ. ಜೂನ್ ತಿಂಗಳಲ್ಲಿ ಮೌಲ್ಯಮಾಪನಕ್ಕೆ ಸೇರುವ ಸಾವಿರಾರು ಶಿಕ್ಷಕರು ಕೂಡ ಮೊದಲು ಮಾಡುವುದು ಮಕ್ಕಳ ಕೆಲಸವನ್ನೇ: ಒಂದೇ ಮಾದರಿ ಉತ್ತರವನ್ನು ಎಲ್ಲರೂ ಓದಿ, ‘ನೀವೆಷ್ಟು ಕೊಟ್ಟಿರಿ?’ ಎಂದು ತಾಳೆ ನೋಡುವುದು.

ಈ ಪ್ರಶ್ನೆಯನ್ನು ನಮ್ಮ ಉತ್ತರ ಕನ್ನಡದ ದಡದಲ್ಲಿ ನಿಂತು ನೋಡಿದರೆ ಎರಡು ಉತ್ತರಗಳೂ ಒಟ್ಟಿಗೇ ಕಾಣುತ್ತವೆ. ಗೋವಾ ಹಿಡಿಯುವಂತೆ ಅಲ್ಬುಕರ್ಕ್‌ನಿಗೆ ಹೇಳಿ ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಅದಕ್ಕೆ ಮುಂಚೆ ವಿಜಯನಗರಕ್ಕೆ ಬೇಕಾದ ಕುದುರೆಗಳು ಅರಬ್ಬಿ ಮತ್ತು ಪರ್ಷಿಯಾದ ಕಡೆಯಿಂದ ಭಟ್ಕಳ, ಹೊನ್ನಾವರದಂಥ ಬಂದರುಗಳಿಗೆ ಬಂದಿಳಿಯುತ್ತಿದ್ದವು. ಆಮೇಲೆ ಪೋರ್ಚುಗೀಸರು ಆ ವ್ಯಾಪಾರವನ್ನು ಗೋವಾಕ್ಕೆ ಎಳೆದುಕೊಂಡರು. ಕುದುರೆ ಅದೇ, ಹುಟ್ಟಿದ ಊರು ಅದೇ, ಕೊಳ್ಳುವ ಅರಸು ಅದೇ. ಬದಲಾದದ್ದು ಇಳಿಯುವ ಬಂದರು, ಸುಂಕ ಎಣಿಸುವ ಕೈ. ಲಿಸ್ಬನ್ನಿನಲ್ಲಿ ಕೂತವನಿಗೆ ಇದು ಸಣ್ಣ ಬಾಬತ್ತು ಇರಬಹುದು. ಭಟ್ಕಳದಲ್ಲಿ ಅದೇ ಸುಂಕ ನಂಬಿಕೊಂಡವನಿಗೆ ಅದು ಬದುಕಿನ ಪ್ರಶ್ನೆ.

ಬದಲಾವಣೆಯನ್ನು ಅಳೆಯಲು ಮೊದಲು ಹೇಗಿತ್ತು ಎಂಬುದು ಗೊತ್ತಿರಬೇಕು. ಈ ‘ಮೊದಲು’ ಎನ್ನುವುದರ ಮೇಲೆಯೇ ಹಿಂದಿನ ವರ್ಷ, 2018ರಲ್ಲಿ, ದೊಡ್ಡ ಜಗಳವಾಗಿತ್ತು. ಅಲ್ಲಿಯವರೆಗೆ ಈ ಪಾಠ ಬೇಸಾಯ ಶುರುವಾದ ಕಾಲದಿಂದ ಇವತ್ತಿನವರೆಗೆ, ಸುಮಾರು ಹತ್ತು ಸಾವಿರ ವರ್ಷ ಹಬ್ಬಿತ್ತು. ಒಂದೇ ವರ್ಷದಲ್ಲಿ ಇಷ್ಟನ್ನು ಮುಗಿಸಲಾಗದು ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ಕಾಲೇಜ್ ಬೋರ್ಡ್ ಹುಡುಕಿದ ಪರಿಹಾರ, ಪರೀಕ್ಷೆಯನ್ನು ಕ್ರಿ.ಶ. 1450ರಿಂದ ಆರಂಭಿಸುವುದು. ಶಿಕ್ಷಕರೂ ವಿದ್ಯಾರ್ಥಿಗಳೂ ತಿರುಗಿಬಿದ್ದರು. 1450 ಎಂದರೆ ಯುರೋಪಿನ ಹಡಗುಗಳು ಹೊರಡುವ ಹೊತ್ತು. ಅಲ್ಲಿಂದ ಶುರು ಮಾಡಿದರೆ ಆಫ್ರಿಕಾ, ಏಷ್ಯಾ, ಅಮೆರಿಕದ ಮೂಲ ಜನ ಎಲ್ಲರೂ ಪುಸ್ತಕದೊಳಗೆ ಬರುವುದು ಸೋಲುವವರಾಗಿ ಮಾತ್ರ ಎಂಬುದು ಅವರ ವಾದ. ಜುಲೈನಲ್ಲಿ ಸಂಸ್ಥೆ ಹಿಂದೆ ಸರಿದು ಇಸವಿಯನ್ನು 1200ಕ್ಕೆ ಇಳಿಸಿತು. 2019ರ ಮೇನಲ್ಲಿ ಪರೀಕ್ಷೆ ಬರೆದವರು ಹಳೆಯ ಪಾಠದ ಕೊನೆಯ ತಂಡ.

ಈ 250 ವರ್ಷದ ವ್ಯತ್ಯಾಸದಲ್ಲಿ ಏನಿದೆ? ಮಂಗೋಲರಿದ್ದಾರೆ, ಮಾಲಿಯ ಮಾನ್ಸಾ ಮೂಸಾ ಇದ್ದಾನೆ, ವಿಜಯನಗರದ ಹುಟ್ಟಿದೆ. ಹೊಸ ಪಾಠಪಟ್ಟಿಯ ಮೊದಲ ಘಟಕದ ಉದಾಹರಣೆಗಳಲ್ಲಿ ವಿಜಯನಗರದ ಹೆಸರಿದೆ. ಎರಡನೆಯದರಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬರುತ್ತಾನೆ. 1340ರ ದಶಕದಲ್ಲಿ ನಮ್ಮ ಕರಾವಳಿಯಲ್ಲಿ ಸಾಗಿದ ಇವನು ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಬರೆದ. ಹೊನ್ನಾವರದಲ್ಲಿ ಹುಡುಗರಿಗೆ 23 ಶಾಲೆಗಳೂ ಹುಡುಗಿಯರಿಗೆ 13 ಶಾಲೆಗಳೂ ಇದ್ದವೆಂದು, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದು ಬೆರಗಾದ. ವಾಸ್ಕೋ ಡ ಗಾಮ ಬರುವುದಕ್ಕೆ ಒಂದೂವರೆ ಶತಮಾನ ಮೊದಲಿನ ಮಾತಿದು.

1450ರಿಂದ ಓದಿದ ಹುಡುಗಿಗೆ ಹೊನ್ನಾವರವೆಂದರೆ ಪೋರ್ಚುಗೀಸರ ದಾರಿಯಲ್ಲಿ ಸಿಕ್ಕ ಒಂದು ಬಂದರು. 1200ರಿಂದ ಓದಿದವಳಿಗೆ ಅದು ಹುಡುಗಿಯರು ಶಾಲೆಗೆ ಹೋಗುತ್ತಿದ್ದ ಊರು ಆಗುವ ಅವಕಾಶವಾದರೂ ಇದೆ. ಪೋರ್ಚುಗೀಸರು ಏನು ಬದಲಿಸಿದರು ಎಂಬ ಪ್ರಶ್ನೆಗೆ ಈ ಇಬ್ಬರ ಉತ್ತರ ಒಂದೇ ಆಗಲಾರದು.

ನಮ್ಮಲ್ಲಿ ಮುಂಬೈಯಿರಲಿ ದೆಹಲಿಯಿರಲಿ, ಇತಿಹಾಸದ ಪರೀಕ್ಷೆ ಮುಗಿಸಿ ಬಂದ ಮಗು ‘ಎಲ್ಲರೂ ಬೇರೇನೋ ಬರೆದಿದ್ದಾರೆ ಅಮ್ಮ’ ಎಂದು ಮುಖ ಸಣ್ಣದು ಮಾಡಿಕೊಂಡರೆ ನಾವು ತಕ್ಷಣ ಪುಸ್ತಕ ತೆರೆದು ಸರಿ ಉತ್ತರ ಹುಡುಕುತ್ತೇವೆ. ಪುಸ್ತಕ ತೆರೆಯುವ ಮೊದಲು ಒಂದು ಮಾತು ಕೇಳಬಹುದು: ಅವರು ಎಲ್ಲಿಂದ ಶುರು ಮಾಡಿದರು, ನೀನು ಎಲ್ಲಿಂದ ಶುರು ಮಾಡಿದೆ?