ಜಗಲಿಯಿಂದ ಕಂಡ ಊರು, ಕೇರಿಯಿಂದ ಕಂಡ ಊರು

ಎಲೆಕ್ಷನ್ ಹತ್ತಿರ ಬಂತು ಅಂದ್ರೆ ಟಿವಿ ಚರ್ಚೆಯಿಂದ ಹಿಡಿದು ವಿಜಯನಗರದ ದರ್ಶಿನಿ ಮುಂದೆ ನಿಂತು ಕಾಫಿ ಕುಡಿಯೋರ ತನಕ ಎಲ್ಲರ ಬಾಯಲ್ಲೂ ಒಂದೇ ಪದ: ವೋಟ್ ಬ್ಯಾಂಕ್. ಯಾವುದೋ ಪಕ್ಷದವರೋ ಪತ್ರಕರ್ತರೋ ಹುಟ್ಟಿಸಿದ ಪದ ಇರಬೇಕು ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿರ್ತೀವಿ. ಆದರೆ ಈ ಪದವನ್ನು ಚಲಾವಣೆಗೆ ತಂದವರು ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1955ರಲ್ಲಿ ಪ್ರಕಟವಾದ, ಮೈಸೂರು ಸೀಮೆಯ ಒಂದು ಹಳ್ಳಿಯ ಬಗೆಗಿನ ಪ್ರಬಂಧದಲ್ಲಿ ಅದು ಬರುತ್ತದೆ.

ಅವರು ಹೇಳಿದ ಅರ್ಥ ಬೇರೆ, ನಾವು ಬಳಸುವ ಅರ್ಥ ಬೇರೆ. ಇವತ್ತು ನಾವು ವೋಟ್ ಬ್ಯಾಂಕ್ ಅನ್ನೋದು ವೋಟು ಹಾಕುವ ಸಮುದಾಯಕ್ಕೆ, ಅದೂ ಸಾಮಾನ್ಯವಾಗಿ ಬೈಗುಳದ ಧಾಟಿಯಲ್ಲಿ. ಶ್ರೀನಿವಾಸ್ ಕಂಡ ಬ್ಯಾಂಕ್ ಅಂದರೆ ಊರಿನ ಯಜಮಾನ. ಅವನ ಹೊಲದಲ್ಲಿ ದುಡಿಯುವವರು, ಅವನ ಹತ್ತಿರ ಸಾಲ ಮಾಡಿದವರು, ಅವನ ಮಾತು ಮೀರಲಾಗದವರು ಇಷ್ಟು ಜನರ ವೋಟು ಅವನ ಕೈಯಲ್ಲಿ. ರಾಜಕಾರಣಿ ಬಂದು ಅದನ್ನು ಕೇಳ್ತಾನೆ, ಯಜಮಾನ ಕೊಡ್ತಾನೆ. ಬದಲಿಗೆ ಅವನಿಗೆ ಬಸ್ ಲೈಸೆನ್ಸು, ಅಕ್ಕಿ ಗಿರಣಿಗೆ ಪರವಾನಗಿ, ನೆಂಟರ ಮಕ್ಕಳಿಗೆ ಮೆಡಿಕಲ್, ಎಂಜಿನಿಯರಿಂಗ್ ಸೀಟು. ಅಂದರೆ ಬಡ್ಡಿ ಸಿಗ್ತಿದ್ದದ್ದು ವೋಟು ಹಾಕಿದವರಿಗಲ್ಲ. ಎಪ್ಪತ್ತು ವರ್ಷದಲ್ಲಿ ಪದ ಉಳೀತು, ಯಜಮಾನ ಮಾತ್ರ ಅದರಿಂದ ಮೆಲ್ಲಗೆ ಜಾರಿಕೊಂಡ.

ಸಮಾಜಶಾಸ್ತ್ರದ ಥಿಯರಿಗಳು ನಮಗೆ ಯಾಕೆ ಬೇಕು ಅಂತ ಕೇಳೋರಿಗೆ ನನ್ನ ಮೊದಲ ಉತ್ತರ ಇದು. ದಿನಾ ನೋಡ್ತಿರೋ ವ್ಯವಹಾರದಲ್ಲಿ ಯಾರ ಹೆಸರು ಲೆಕ್ಕದಿಂದ ಬಿಟ್ಟುಹೋಗಿದೆ ಅಂತ ಅವು ತೋರಿಸ್ತವೆ.

ಈ ಥಿಯರಿಗಳ ಒಂದು ಮನೆ ನಮ್ಮ ಪಕ್ಕದಲ್ಲೇ ಇದೆ. ನಾಗರಭಾವಿಯಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ರಸ್ತೆಯಲ್ಲಿ ಹೋಗುವಾಗ ಮರಗಳ ನಡುವೆ ಕಾಣುವ ಕ್ಯಾಂಪಸ್ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ. ಅರ್ಥಶಾಸ್ತ್ರಜ್ಞ ರಾವ್ ಅವರು 1972ರಲ್ಲಿ ಅದನ್ನು ಕಟ್ಟಿದಾಗ ದೆಹಲಿ ಬಿಟ್ಟು ಅವರ ಜೊತೆ ಸೇರಿದವರು ಶ್ರೀನಿವಾಸ್. ಅವರ ಹೆಸರುವಾಸಿ ಪುಸ್ತಕ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಾಗ ಅವರು ಈ ಸಂಸ್ಥೆಯಲ್ಲಿದ್ದರು.

ಆ ಪುಸ್ತಕದ ಕತೆ ಕೇಳಿದರೆ ಬ್ಯಾಕಪ್ ಅನ್ನೋ ಪದ ಗೊತ್ತಿರೋ ಯಾರಿಗಾದರೂ ಎದೆ ಝಲ್ ಅನ್ನುತ್ತೆ. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದ್ದರು. ಬರಹದಲ್ಲಿ ಆ ಊರಿಗೆ ರಾಮಪುರ ಅಂತ ಹೆಸರಿಟ್ಟರು. ವರ್ಷಗಳ ಕಾಲ ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳನ್ನೂ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಒಯ್ದಿದ್ದರು. ಮೂರೂ ಒಂದೇ ಕಟ್ಟಡದಲ್ಲಿದ್ದವು. ಆ ಏಪ್ರಿಲ್‌ನಲ್ಲಿ ಯಾರೋ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರ ಸಲಹೆಯ ಮೇಲೆ ಶ್ರೀನಿವಾಸ್ ನೆನಪಿನಿಂದಲೇ ಊರನ್ನು ಬರೆಯಲು ಕೂತರು. ಪುಸ್ತಕಕ್ಕೆ ಆ ಹೆಸರು ಬಂದದ್ದು ಹಾಗೆ.

ರಾಮಪುರದಿಂದ ಅವರು ತಂದ ಇನ್ನೊಂದು ಪರಿಕಲ್ಪನೆ ‘ಪ್ರಬಲ ಜಾತಿ’. ಶಾಸ್ತ್ರದ ಲೆಕ್ಕದಲ್ಲಿ ಮೇಲಿರುವವರೇ ಊರನ್ನು ಆಳ್ತಾರೆ ಅನ್ನೋದು ಪುಸ್ತಕದ ಮಾತು. ಊರಲ್ಲಿ ನೋಡಿದರೆ ಯಾರಲ್ಲಿ ಜನಸಂಖ್ಯೆ ಇದೆ, ಯಾರ ಕೈಯಲ್ಲಿ ಜಮೀನಿದೆ, ಯಾರಿಗೆ ರಾಜಕೀಯದ ಬಲ ಇದೆ, ಅವರ ಮಾತು ನಡೀತಿತ್ತು. ರಾಮಪುರದಲ್ಲಿ ಅವರು ಒಕ್ಕಲಿಗರು. ಹೊಸ ಕಾಲದ ವಿದ್ಯೆ, ಸರ್ಕಾರಿ ನೌಕರಿ ಕೂಡ ಈ ಬಲದ ಪಟ್ಟಿಗೆ ಸೇರುತ್ತವೆ ಅಂತ ಅವರು ಆಮೇಲೆ ಹೇಳಿದರು. 1957ರ ಒಂದು ಭಾಷಣದಲ್ಲಂತೂ, ಆಧುನಿಕತೆ ಬಂದರೆ ಜಾತಿ ಕರಗುತ್ತೆ ಅಂತ ನಂಬಿದ್ದವರಿಗೆ ಕಹಿ ಎನಿಸುವ ಮಾತು ಹೇಳಿದರು: ರೈಲು, ಅಂಚೆ, ಅಚ್ಚು, ಚುನಾವಣೆ ಇವೆಲ್ಲ ಜಾತಿಗೆ ಹೊಸ ಬಲ ಕೊಟ್ಟಿವೆ. ಮೊದಲು ಹತ್ತಾರು ಹಳ್ಳಿಗೆ ಸೀಮಿತವಾಗಿದ್ದ ನೆಂಟಸ್ತಿಕೆ ಈಗ ರಾಜ್ಯದ ಉದ್ದಗಲಕ್ಕೂ ಹರಡಬಲ್ಲದು.

ಇದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇತ್ತು. ಲಿಂಗಾಯತರ ವಿದ್ಯಾನಿಧಿ ಸಂಘ 1905ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಶುರುವಾದವು. ಬ್ರಾಹ್ಮಣರೇ ತುಂಬಿದ್ದ ಮೈಸೂರು ಸಂಸ್ಥಾನದ ನೌಕರಿಯಲ್ಲಿ ಉಳಿದವರಿಗೂ ಪಾಲು ಬೇಕು ಅನ್ನೋ ಕೂಗೆದ್ದು, 1918ರಲ್ಲಿ ಮಿಲ್ಲರ್ ಸಮಿತಿ ರಚನೆಯಾಯ್ತು. ಹಳ್ಳಿ ಹುಡುಗರು ಓದೋಕೆ ಬಂದರೆ ಇಳಿದುಕೊಳ್ಳೋಕೆ ಜಾತಿಯ ಹಾಸ್ಟೆಲ್ಲು, ಊಟಕ್ಕೆ ಮಠ. ಆ ಹಾಸ್ಟೆಲ್ಲುಗಳಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಊರು ಬಿಟ್ಟ ಹುಡುಗ ಜಾತಿ ಬಿಟ್ಟಿರಲಿಲ್ಲ, ಅದನ್ನೇ ಮೆಟ್ಟಿಲು ಮಾಡ್ಕೊಂಡು ನಗರ ಹತ್ತಿದ್ದ.

ಹಾಗಾದರೆ ಕಸುಬು ಬದಲಾದರೆ? ಇದಕ್ಕೆ ಮಂಡ್ಯದಿಂದ ಒಂದು ಉತ್ತರ ಇದೆ. ಸ್ಕಾರ್ಲೆಟ್ ಎಪ್ಸ್ಟೀನ್ ಅನ್ನೋ ಸಂಶೋಧಕಿ, ಹಿಟ್ಲರನ ಕಾಲದಲ್ಲಿ ವಿಯೆನ್ನಾದಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಯಹೂದಿ ಹೆಣ್ಣುಮಗಳು, 1954ರಿಂದ 1956ರವರೆಗೆ ಮಂಡ್ಯ ಬಳಿಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಬದಲಿ ಹೆಸರು ವಂಗಲ ಮತ್ತು ದಲೇನ. ಕನ್ನಂಬಾಡಿ ಕಟ್ಟೆಯ ನಾಲೆ ನೀರು ವಂಗಲಕ್ಕೆ ಬಂತು. ಎತ್ತರದಲ್ಲಿದ್ದ ದಲೇನಕ್ಕೆ ಹತ್ತಲಿಲ್ಲ. ವಂಗಲದವರು ಕಬ್ಬು ಬೆಳೆದು ಕೈತುಂಬ ದುಡ್ಡು ನೋಡಿದರು. ದಲೇನದವರು ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ಸಣ್ಣಪುಟ್ಟ ವ್ಯಾಪಾರಕ್ಕೆ ಇಳಿದರು.

ದುಡ್ಡು ಬಂದ ಕಡೆ ಸಮಾಜ ಬದಲಾಗಬೇಕಿತ್ತು ಅಲ್ವಾ? ಆಗಿದ್ದು ಉಲ್ಟಾ. ವಂಗಲದಲ್ಲಿ ಅದೇ ಹೊಲ, ಅದೇ ಯಜಮಾನ, ಅದೇ ಆಳು. ಆದಾಯ ಹೆಚ್ಚಿತು, ಹಳೇ ಸಂಬಂಧ ಹಾಗೇ ನಿಂತಿತು. ಹೊರಗೆ ಹೋಗಿ ಹೊಸ ಕೆಲಸ ಹುಡುಕಿದ ದಲೇನದಲ್ಲಿ ತಲೆಮಾರಿನಿಂದ ಬಂದ ಕಟ್ಟುಗಳು ಸಡಿಲವಾದವು. ದುಡ್ಡು ಎಷ್ಟು ಬಂತು ಅನ್ನೋದಕ್ಕಿಂತ ಯಾವ ದಾರಿಯಲ್ಲಿ ಬಂತು ಅನ್ನೋದು ಮುಖ್ಯ. 1962ರಲ್ಲಿ ಬಂದ ಎಪ್ಸ್ಟೀನ್ ಪುಸ್ತಕದ ತಿರುಳು ಇದು.

ಈಗ ನಮ್ಮ ಕಡೆಗೆ ಬರೋಣ. ಮೈಸೂರು ರಸ್ತೆ, ಮಾಗಡಿ ರಸ್ತೆ ಹಿಡಿದು ಮಂಡ್ಯ, ರಾಮನಗರ, ಹಾಸನದಿಂದ ಬಂದು ಕೆಂಗೇರಿ, ನಾಗರಭಾವಿಯಲ್ಲಿ ಮನೆ ಮಾಡಿದ ನಮ್ಮಂಥವರ ಸಾಫ್ಟ್‌ವೇರ್ ಕೆಲಸ ವಂಗಲವೋ, ದಲೇನವೋ? ಹೊರನೋಟಕ್ಕೆ ಅಪ್ಪಟ ದಲೇನ. ಅಪ್ಪನ ಜಮೀನಿಗೂ ನಾವು ಬರೆಯೋ ಕೋಡಿಗೂ ಏನು ಸಂಬಂಧ? ಇಲ್ಲಿ ಮೆರಿಟ್ ಒಂದೇ ನಡೆಯೋದು ಅಂತ ನಾವು ಹೇಳ್ತೀವಿ.

ಬೆಂಗಳೂರಿನ ನಿಯಾಸ್ ಸಂಸ್ಥೆಯಿಂದ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ನಡೆಸಿದ ಐಟಿ ಉದ್ಯೋಗಿಗಳ ಅಧ್ಯಯನ 2006ರಲ್ಲಿ ಬಂತು. ಈ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ನಗರದ, ಮಧ್ಯಮ ವರ್ಗದ, ಮೇಲ್ಜಾತಿಗಳ ಕುಟುಂಬದವರು ಅಂತ ಅದು ತೋರಿಸಿತು. ಯಾರೂ ಗೇಟಿನಲ್ಲಿ ಜಾತಿ ಕೇಳಿರಲಿಲ್ಲ. ಹಾಗಾದರೆ ಸೋಸಿದ್ದು ಯಾವುದು?

ಫ್ರಾನ್ಸಿನ ಪಿಯರ್ ಬೋರ್ದ್ಯು ಕೊಟ್ಟ ಪದ ಇಲ್ಲಿ ಕೆಲಸಕ್ಕೆ ಬರುತ್ತೆ: ಸಾಂಸ್ಕೃತಿಕ ಬಂಡವಾಳ. ಆತನೂ ಹಳ್ಳಿಯವನೇ, ಅಂಚೆ ಇಲಾಖೆಯ ನೌಕರನ ಮಗ. ಮನೆಯಲ್ಲಿ ಕೇಳಿ ಬೆಳೆದ ಭಾಷೆ, ಪುಸ್ತಕ, ದೊಡ್ಡವರ ಎದುರು ಕೂತು ಮಾತಾಡುವ ಧೈರ್ಯ ಇವೂ ಆಸ್ತಿಯೇ. ಅಪ್ಪ ಅಮ್ಮ ಪತ್ರ ಬರೆದುಕೊಡದಿದ್ದರೂ ಮಕ್ಕಳಿಗೆ ಬರುವ ಆಸ್ತಿ. ಶಾಲೆ ಇದನ್ನು ಅಳೆದು ‘ಪ್ರತಿಭೆ’ ಅಂತ ಸರ್ಟಿಫಿಕೇಟ್ ಕೊಡುತ್ತೆ ಅನ್ನೋದು ಅವನ ವಾದ. ಇಂಟರ್ವ್ಯೂನಲ್ಲಿ ‘ಕಮ್ಯುನಿಕೇಷನ್ ಸ್ಕಿಲ್ಸ್’ ಅನ್ನೋ ಕಾಲಂ ತುಂಬುವಾಗ ನಾವು ಅಳೆಯೋದು ಎಷ್ಟೋ ಸಲ ಅಭ್ಯರ್ಥಿಯ ಅಜ್ಜನ ಮನೆಯನ್ನ. ಹಾಗಾಗಿ ನಮ್ಮ ಕೆಲಸ ದಲೇನದ ಹಾಗೆ ಕಂಡರೂ, ಅಲ್ಲಿಗೆ ಹೋಗುವ ನಾಲೆ ಹರಿಯೋದು ಹಳೇ ಇಳಿಜಾರಿನಲ್ಲೇ.

ಆದರೆ ಈ ಥಿಯರಿಗಳನ್ನೂ ಕಣ್ಣುಮುಚ್ಚಿ ನಂಬಬಾರದು. ನೋಡಿದವರು ಎಲ್ಲಿ ಕೂತು ನೋಡಿದರು ಅಂತ ಕೇಳಬೇಕು. ಶ್ರೀನಿವಾಸ್ ರಾಮಪುರದಲ್ಲಿ ಇದ್ದದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ಸಂಜೆಯ ಮಾತುಕತೆ ಜಗಲಿಯಲ್ಲಿ. ಕೇರಿಯವರ, ಮುಸ್ಲಿಮರ ಬದುಕು ತಮಗೆ ಅಷ್ಟು ಹತ್ತಿರದಿಂದ ಸಿಗಲಿಲ್ಲ, ತಮ್ಮದು ಮೇಲ್ಜಾತಿಯವರ ಕಣ್ಣಿನ ಊರು ಅಂತ ಅವರೇ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅದು ಅವರ ದೊಡ್ಡತನ. ಅಷ್ಟಕ್ಕೇ ಆ ಖಾಲಿ ಜಾಗ ತುಂಬೋದಿಲ್ಲ.

ಆ ಜಾಗದಿಂದ ಬರೆದವರೂ ನಮ್ಮ ಪಶ್ಚಿಮ ಬೆಂಗಳೂರಿನವರೇ. ಕವಿ ಸಿದ್ಧಲಿಂಗಯ್ಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ರಾಜಾಜಿನಗರದ ಮಗ್ಗುಲಿನ ಶ್ರೀರಾಮಪುರದಲ್ಲಿ, ಮಾಗಡಿ ರಸ್ತೆಯ ಗೋಪಾಲಪುರದ ಹಾಸ್ಟೆಲಿನಲ್ಲಿ ಬೆಳೆದು, ಜ್ಞಾನಭಾರತಿಯಲ್ಲಿ ಪ್ರಾಧ್ಯಾಪಕರಾದವರು. ಐಸೆಕ್ ಗೇಟಿನಿಂದ ಜ್ಞಾನಭಾರತಿ ದೂರವೇನಿಲ್ಲ. ಅವರ ಆತ್ಮಕತೆಯ ಹೆಸರೇ ‘ಊರುಕೇರಿ’. ಊರು ಬೇರೆ, ಕೇರಿ ಬೇರೆ ಅನ್ನೋ ಸಮಾಜಶಾಸ್ತ್ರ ಆ ಒಂದು ಪದದಲ್ಲೇ ಇದೆ. ಅದರಲ್ಲಿ ಒಂದು ಬಾಲ್ಯದ ನೆನಪು ಬರುತ್ತೆ: ಇಬ್ಬರು ಮನುಷ್ಯರನ್ನು ನೊಗಕ್ಕೆ ಕಟ್ಟಿ ಹೊಲ ಉಳ್ತಿದ್ದಾರೆ, ಇಬ್ಬರಲ್ಲಿ ಒಬ್ಬರು ಅವರ ಅಪ್ಪ. ಎತ್ತಿನ ಮನೆಯಲ್ಲಿ ಕೂತವರಿಗೆ ಎತ್ತಿನ ಜಾಗದಲ್ಲಿ ನಿಂತವರ ಊರು ಕಾಣಬೇಕಾದರೆ ಈ ಪುಸ್ತಕವೂ ಬೇಕು.

ಹೀಗಾಗಿ ಎರಡನ್ನೂ ಒಟ್ಟಿಗೆ ಓದಿ ಅಂತ ನಾನು ಗೆಳೆಯರಿಗೆ ಹೇಳ್ತಿರ್ತೀನಿ. ಜಗಲಿಯಿಂದ ನೋಡಿದವರು ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ಹೇಳಬಲ್ಲರು. ಅದರ ಭಾರ ಎಷ್ಟು ಅಂತ ಹೇಳೋಕೆ ನೊಗ ಹೊತ್ತವರೇ ಬೇಕು.

ನಮ್ಮ ತಲೆಮಾರಿನ ಬಹಳ ಜನ ‘ನಾವು ಜಾತಿಗೀತಿ ನೋಡಲ್ಲ’ ಅಂತ ಪ್ರಾಮಾಣಿಕವಾಗಿಯೇ ಹೇಳ್ತಾರೆ. ಆದರೆ ಬಸವೇಶ್ವರನಗರದಲ್ಲೋ ವಿಜಯನಗರದಲ್ಲೋ ಬಾಡಿಗೆಗೆ ಮನೆ ಕೇಳೋಕೆ ಹೋಗಿ. ಅಡ್ವಾನ್ಸ್ ಮಾತಿಗಿಂತ ಮೊದಲು ಓನರ್ ಕಡೆಯಿಂದ ಎರಡು ಪ್ರಶ್ನೆ ಬರೋದುಂಟು: ‘ಯಾವೂರು ನಿಮ್ದು? ನೀವು ಯಾವ ಜನ?’ ಸರಾಗವಾಗಿ ಉತ್ತರ ಹೇಳಿ ಬೀಗದ ಕೈ ಇಸ್ಕೊಂಡವರಿಗೆ ಆ ಪ್ರಶ್ನೆ ಮರುದಿನ ನೆನಪೂ ಇರಲ್ಲ. ಸುಳ್ಳು ಹೇಳೋದಾ, ನಿಜ ಹೇಳಿ ಇನ್ನೊಂದು ಮನೆ ಹುಡುಕೋದಾ ಅಂತ ಮೆಟ್ಟಿಲ ಮೇಲೇ ಯೋಚನೆ ಮಾಡಿದವರು ಅದನ್ನ ಮರೆಯಲ್ಲ. ಬೆಂಗಳೂರಲ್ಲಿ ಜಾತಿ ಇದೆಯಾ ಇಲ್ಲವಾ ಅಂತ ಕೇಳಬೇಕಾದ್ದು ಈ ಎರಡನೆಯವರನ್ನ.