ಟ್ರಿಪ್ಪಿನ ಲೆಕ್ಕ, ಗಂಟೆಯ ಲೆಕ್ಕ

ಹೋದ ದೀಪಾವಳಿಗೆ ನಿಟ್ಟೆಗೆ ಹೋಗಿದ್ದಾಗ ಮಾವನ ಮನೆಯ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹತ್ತೋ ಹನ್ನೆರಡೋ ಪಾಕೆಟ್ ನೋಟ್‌ಬುಕ್ಕುಗಳು ಸಿಕ್ಕವು. ತುಂಬಾ ಬರೀ ಅಂಕಿಗಳು. ಮೊದಲು ಮಟ್ಕಾ ನಂಬರ್ ಇರಬೇಕು ಅಂದುಕೊಂಡೆ (ಮಾವ ಕ್ಷಮಿಸಲಿ). ಅಲ್ಲ, ಅದು ಲಾರಿಯ ಟ್ರಿಪ್ ಪುಸ್ತಕ.

ಮಾವ ಅಂದರೆ ಅಮ್ಮನ ಅಣ್ಣ. 1988ರಿಂದ ಇಪ್ಪತ್ತೈದು ವರ್ಷ ಕಾರ್ಕಳ, ನಿಟ್ಟೆ, ಬೆಳ್ಮಣ್, ಪಡುಬಿದ್ರಿ, ಕಾಪು ಇಷ್ಟರೊಳಗೇ ಕೆಂಪುಕಲ್ಲಿನ ಲಾರಿ ಓಡಿಸಿದವರು. ಬೊಂಬಾಯಿ, ಮದ್ರಾಸು ಅಂತ ದೂರ ಹೋಗಲಿಲ್ಲ, ಪ್ರತಿ ರಾತ್ರಿ ಮನೆಗೇ ಬರುತ್ತಿದ್ದರು. "ಲೋಕಲ್ ಡ್ರೈವರ್, ಆರಾಮದ ಕೆಲಸ" ಎಂದೇ ನಾವೆಲ್ಲ ನಂಬಿದ್ದೆವು. ನಾವು ಮಕ್ಕಳು ಏಳುವ ಮೊದಲೇ ಹೋಗಿ, ನಾವು ಮಲಗಿದ ಮೇಲೆ ಬರುತ್ತಿದ್ದ ಮನುಷ್ಯನ ಬಗ್ಗೆ ಬೇರೆ ಏನು ತಾನೇ ಗೊತ್ತಿರುತ್ತದೆ?

ಪುಸ್ತಕದಲ್ಲಿ ಪ್ರತಿ ಟ್ರಿಪ್ಪಿಗೂ ಮೂರು ಸಮಯ ಬರೆದಿದ್ದರು. ಕೋರೆಗೆ ಮುಟ್ಟಿದ್ದು, ಲೋಡು ಶುರುವಾದದ್ದು, ಹೊರಟದ್ದು. ಯಾಕೆ ಅಂತ ಕೇಳಿದೆ. "ಇವತ್ತು ಯಾಕೆ ನಾಲ್ಕೇ ಟ್ರಿಪ್ ಅಂತ ಧಣಿ ಕೇಳಿದರೆ ಕ್ಯೂ ಇತ್ತು ಅಂತ ತೋರಿಸಬೇಕಲ್ಲ ಮಾರಾಯ" ಅಂದರು. ಸಂಬಳ ಕಡಿಮೆ, ಟ್ರಿಪ್ಪಿಗಿಷ್ಟು ಬಾಟಾ. ಹಾಗಾಗಿ ಗಂಟೆ ಯಾರಿಗೂ ಬೇಡ, ಟ್ರಿಪ್ ಎಲ್ಲರಿಗೂ ಬೇಕು.

ಕೋಡ್ ಬರೆಯುವವನ ಕೈಗೆ ಇಂಥದ್ದು ಸಿಕ್ಕರೆ ಸುಮ್ಮನೆ ಬಿಡುತ್ತಾನೆಯೇ? ಒಂದು ವರ್ಷದ ಪುಸ್ತಕವನ್ನು ಪೂರ್ತಿ ಸ್ಪ್ರೆಡ್‌ಶೀಟಿಗೆ ಹಾಕಿದೆ. ಸೀಸನ್ನಿನ ಮಾಮೂಲಿ ದಿನ ಬೆಳಿಗ್ಗೆ ಐದಕ್ಕೆ ಶುರುವಾಗಿ ಸಂಜೆ ಏಳಕ್ಕೆ ಮುಗಿಯುತ್ತಿತ್ತು. ಹದಿನಾಲ್ಕು ಗಂಟೆ, ನಾಲ್ಕು ಟ್ರಿಪ್. ಅದರಲ್ಲಿ ಐದು ಗಂಟೆಗಿಂತ ಹೆಚ್ಚು ಕೋರೆಯ ಬಾಯಲ್ಲಿ ಕಾಯುವುದು. ಇದಕ್ಕೆ ಕಾನೂನು ಏನೂ ಇರಲಿಲ್ಲವೇ ಎಂದು ಹುಡುಕಲು ಹೊರಟೆ. ಇತ್ತು. ಒಂದಲ್ಲ, ಹಲವು.

ನಮ್ಮ ಜಿಲ್ಲೆಯಲ್ಲಿ ಚಕ್ರಕ್ಕೆ ಗಡಿಯಾರ ಕಟ್ಟಿದ್ದು ಮೊದಲು ಬಸ್ಸಿನವರು. ಮಂಗಳೂರಿನಲ್ಲಿ ಸಿ.ಪಿ.ಸಿ. ಕಂಪನಿಯ ಬಸ್ಸು ಓಡಲು ಶುರುವಾದದ್ದು 1914ರಲ್ಲಿ. ಆ ಪರಂಪರೆ ಈಗಲೂ ನೋಡಬಹುದು. ಕಾರ್ಕಳ ಸ್ಟ್ಯಾಂಡಿನಲ್ಲಿ ಎರಡು ನಿಮಿಷಕ್ಕಾಗಿ ಎರಡು ಬಸ್ಸಿನ ಕಂಡಕ್ಟರುಗಳು ಜಗಳ ಆಡುವುದನ್ನು ನೋಡದವರು ಯಾರು? ಬಸ್ಸಿಗೆ ಪರ್ಮಿಟ್ಟಿನ ಜೊತೆಗೇ ಟೈಮಿಂಗ್ ಇರುತ್ತದೆ, ಟೈಮ್‌ಕೀಪರ್ ಇರುತ್ತಾನೆ. ಲಾರಿಗೆ ಇದ್ಯಾವುದೂ ಇಲ್ಲ. ಕಲ್ಲು ಯಾವತ್ತೂ ಬಸ್ಸು ತಪ್ಪಿತೆಂದು ದೂರು ಕೊಡುವುದಿಲ್ಲ.

ಡ್ರೈವರನ ಗಂಟೆಗೆ ಮಿತಿ ಬಂದದ್ದು ಬ್ರಿಟಿಷರ ಕಾಲದಲ್ಲೇ, 1939ರ ಮೋಟಾರು ವಾಹನ ಕಾಯ್ದೆಯಲ್ಲಿ. ಆಗ ಕಾರ್ಕಳ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಸಾರಿಗೆ ವಾಹನ ಓಡಿಸುವ ನೌಕರನಿಂದ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ನಡುವೆ ಅರ್ಧ ಗಂಟೆ ವಿರಾಮ, ದಿನಕ್ಕೆ ಒಂಬತ್ತು, ವಾರಕ್ಕೆ 54 ಗಂಟೆ ಎಂದು 65ನೇ ಕಲಂ ಹೇಳಿತು. ಆಶ್ಚರ್ಯವೆಂದರೆ ಅದೇ 1939ರಲ್ಲಿ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ರಸ್ತೆ ಸಾರಿಗೆಯವರ ಕೆಲಸದ ಗಂಟೆಗಳ ಬಗ್ಗೆ 67ನೇ ಒಡಂಬಡಿಕೆ ಮಾಡಿತು. ಪ್ರತಿ ಡ್ರೈವರನ ಬಳಿ ತನ್ನ ಗಂಟೆ ಬರೆಯುವ ಪುಸ್ತಕ ಇರಬೇಕು ಎಂಬ ಮಾತೂ ಅದರಲ್ಲಿತ್ತು. ಮೂರು ತಿಂಗಳಲ್ಲಿ ಮಹಾಯುದ್ಧ ಶುರುವಾಯಿತು. ಕೊನೆಗೆ ಬೆರಳೆಣಿಕೆಯ ದೇಶಗಳಷ್ಟೇ ಅದನ್ನು ಒಪ್ಪಿದವು, ನಮ್ಮ ದೇಶ ಒಪ್ಪಲಿಲ್ಲ. ನಮ್ಮ ಮಾವ ಮಾತ್ರ ಜಿನೀವಾದ ಹೆಸರನ್ನೇ ಕೇಳದೆ ಆ ಪುಸ್ತಕ ಇಟ್ಟುಬಿಟ್ಟಿದ್ದರು!

ಸ್ವಾತಂತ್ರ್ಯದ ನಂತರ, 1961ರಲ್ಲಿ, ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ಓದಿದರೆ ಖುಷಿಯಾಗುತ್ತದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48. ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ. ವಿರಾಮವೂ ಸೇರಿ ಒಟ್ಟು ದಿನ ಹನ್ನೆರಡು ಗಂಟೆ ದಾಟುವಂತಿಲ್ಲ. ವಾರಕ್ಕೊಂದು ರಜೆ, ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟು ಕೂಲಿ. ದೂರದ ರೂಟು, ಹಬ್ಬ ಹರಿದಿನಗಳಲ್ಲಿ ಮಾತ್ರ ಅಧಿಕಾರಿಯ ಒಪ್ಪಿಗೆ ಪಡೆದು ದಿನಕ್ಕೆ ಹತ್ತು, ವಾರಕ್ಕೆ 54 ಗಂಟೆವರೆಗೆ ಹೋಗಬಹುದು.

ಆದರೆ ಎರಡು ಕಡೆ ನಾನು ನಿಂತುಬಿಟ್ಟೆ.

ಒಂದು, "ಕೆಲಸದ ಗಂಟೆ" ಎಂದರೇನು ಎಂಬ ವ್ಯಾಖ್ಯೆ. ವಾಹನ ಓಡುವ ಸಮಯ ಕೆಲಸ, ಅದರ ಜೊತೆಗಿನ ಸಣ್ಣಪುಟ್ಟ ಕೆಲಸಗಳೂ ಕೆಲಸ. ತುದಿ ನಿಲ್ದಾಣದಲ್ಲಿ ಸುಮ್ಮನೆ ಹಾಜರಿದ್ದು ಕಾಯುವುದು ಹದಿನೈದು ನಿಮಿಷಕ್ಕಿಂತ ಕಡಿಮೆ ಇದ್ದರೆ ಅದೂ ಕೆಲಸ. ಅದಕ್ಕಿಂತ ಹೆಚ್ಚು ಕಾದರೆ ಅದು ಆ ಲೆಕ್ಕದೊಳಗೆ ಬರುವುದಿಲ್ಲ. ಬಸ್ ಸ್ಟ್ಯಾಂಡು ನೋಡಿಕೊಂಡು ಬರೆದ ಮಾತು ಅಂತ ಗೊತ್ತಾಗುತ್ತದೆ. ಕೋರೆಯ ಕ್ಯೂವಿಗೆ ಇದನ್ನು ಹಾಕಿ ನೋಡಿ. ಮಾವನ ಹದಿನಾಲ್ಕು ಗಂಟೆಯ ದಿನ ಒಂಬತ್ತಕ್ಕೆ ಇಳಿಯುತ್ತದೆ. ಉಳಿದ ಐದು ಗಂಟೆ ಅವರು ಎಲ್ಲಿದ್ದರು? ಲಾರಿಯಲ್ಲೇ.

ಹನ್ನೆರಡು ಗಂಟೆಯ ಗೋಡೆಯಾದರೂ ತಡೆಯಬೇಕಿತ್ತಲ್ಲ ಎನ್ನುತ್ತೀರಾ? ಅಲ್ಲಿಗೇ ಎರಡನೆಯದು ಬರುತ್ತದೆ. ಕಾಯ್ದೆ ಅನ್ವಯಿಸುವುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. ಮಾವನ ಧಣಿಗೆ ಇದ್ದದ್ದು ಎರಡು ಲಾರಿ. ಎರಡು ಡ್ರೈವರ್, ಎರಡು ಕ್ಲೀನರ್. ಲೋಡು ಮಾಡುವವರು ಕೋರೆಯ ಕಡೆಯವರು. ಬೆರಳು ಮಡಚಿ ಎಣಿಸಿ, ನಾಲ್ಕು! 1939ರ ಕಾಯ್ದೆಯ ಆ ಕಲಮಿಗೆ ತಲೆ ಎಣಿಸುವ ಈ ಷರತ್ತು ಇರಲಿಲ್ಲ. 1988ರ ಹೊಸ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಗಂಟೆಯ ವಿಷಯಕ್ಕೆ ಮತ್ತೆ 1961ರ ಕಾಯ್ದೆಯತ್ತಲೇ ಕೈ ತೋರಿಸಿತು. ಓದಿದರೆ ಎಲ್ಲ ಸಾರಿಗೆ ವಾಹನದವರಿಗೂ ಅನ್ವಯಿಸುವಂತಿದೆ. ಆದರೆ ನೋಂದಣಿ, ಇನ್‌ಸ್ಪೆಕ್ಟರ್ ಎಲ್ಲ 1961ರ ಕಾಯ್ದೆಯ ಸರಕು, ಅದಕ್ಕೆ ಐದು ಜನ ಬೇಕು.

ನಮ್ಮ ಕಡೆ ಲಾರಿಗಳು ಹೀಗೆ ಒಂದೊಂದಾಗಿ, ಎರಡೆರಡಾಗಿ ಹಂಚಿಹೋದದ್ದಕ್ಕೂ ಒಂದು ಇತಿಹಾಸ ಇದೆ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಸಿಂಡಿಕೇಟ್ ಬ್ಯಾಂಕ್ ಆದದ್ದೂ ಆ ಹದಿನಾಲ್ಕರಲ್ಲಿ ಒಂದು. ಆಮೇಲೆ ಸಣ್ಣ ರಸ್ತೆ ಸಾರಿಗೆಯವರಿಗೆ ಸಾಲ ಕೊಡುವುದು ಆದ್ಯತೆಯ ಸಾಲವಾಯಿತು. ಒಳ್ಳೆಯದೇ. ಎಷ್ಟೋ ಡ್ರೈವರುಗಳು ತಾವೇ ಧಣಿಗಳಾದರು. ಆದರೆ ತನ್ನದೇ ಲಾರಿ ಓಡಿಸುವವನ ಕೆಲಸದ ಗಂಟೆಯನ್ನು ಬ್ಯಾಂಕಿನ ಕಂತು ನಿರ್ಧರಿಸುತ್ತದೆ. ಯಾವ ಇನ್‌ಸ್ಪೆಕ್ಟರೂ ಅವನಿಗೆ "ಇವತ್ತಿಗೆ ಸಾಕು, ಮನೆಗೆ ಹೋಗು" ಎನ್ನುವುದಿಲ್ಲ.

ಇದೆಲ್ಲದರ ಮೇಲೆ ಇನ್ನೊಂದು ದೊಡ್ಡ ಟೈಮ್‌ಟೇಬಲ್ ಇದೆ: ಮಳೆ. ಜೂನ್ ಬಂತೆಂದರೆ ಕೋರೆ ತುಂಬಾ ನೀರು, ಕಲ್ಲು ಕಡಿಯುವಂತಿಲ್ಲ. ಮಾವನ ಪುಸ್ತಕದಲ್ಲಿ ಆಟಿ ತಿಂಗಳ ಪುಟಗಳು ಹೆಚ್ಚುಕಡಿಮೆ ಖಾಲಿ. ಟ್ರಿಪ್ ಇಲ್ಲ, ಬಾಟಾ ಇಲ್ಲ. ಆ ನಾಲ್ಕು ತಿಂಗಳ ಅನ್ನವನ್ನು ಉಳಿದ ಎಂಟು ತಿಂಗಳಲ್ಲೇ ದುಡಿಯಬೇಕು. ಫೆಬ್ರವರಿ, ಮಾರ್ಚಿನಲ್ಲಿ "ನಾಳೆ ಒಂದು ಟ್ರಿಪ್ ಜಾಸ್ತಿ ಹಾಕುವಾ" ಎಂದು ಧಣಿಗಿಂತ ಮೊದಲು ಡ್ರೈವರೇ ಹೇಳುತ್ತಿದ್ದನಂತೆ. ದಿನದ ಲೆಕ್ಕ ಮಾತ್ರ ನೋಡುವ ಕಾಯ್ದೆಗೆ ಈ ವರ್ಷದ ಲೆಕ್ಕ ಕಾಣಿಸುವುದೇ ಇಲ್ಲ.

ಯುರೋಪಿನಲ್ಲಿ ಲಾರಿಯೊಳಗೇ ಟ್ಯಾಕೋಗ್ರಾಫ್ ಎಂಬ ಯಂತ್ರ ಕೂತು ಡ್ರೈವರನ ನಿಮಿಷಗಳನ್ನು ಬರೆದುಕೊಳ್ಳುತ್ತದೆ. ಅಲ್ಲಿನ 2006ರ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು. ನಮ್ಮಲ್ಲಿ ಡ್ರೈವರನಿಗೆ ನಿದ್ದೆ ಕೊಟ್ಟ ಪುಣ್ಯಾತ್ಮ ಅಂದರೆ ಕೊಂಕಣ ರೈಲ್ವೆ. 1999ರಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸುವ ರೋರೋ ಶುರುಮಾಡಿದರು, 2004ರಲ್ಲಿ ಅದು ಸುರತ್ಕಲ್‌ವರೆಗೆ ಬಂತು. ಲಾರಿ ತಾನಾಗಿ ಹೋಗುತ್ತದೆ, ಡ್ರೈವರ್ ಕ್ಯಾಬಿನ್ನಿನಲ್ಲಿ ಕಾಲು ಚಾಚುತ್ತಾನೆ. ಆದರೆ ಅದು ದೂರದ ಲಾರಿಯ ಭಾಗ್ಯ. ನಿಟ್ಟೆಯಿಂದ ಕಾಪುವಿಗೆ ಕಲ್ಲು ಒಯ್ಯುವವನಿಗೆ ಯಾವ ರೈಲು?

ಈಗಿನ ಸುದ್ದಿ ಹೇಳಬೇಕೆಂದರೆ, 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1961ರ ಕಾಯ್ದೆಯನ್ನು ಅದರಲ್ಲೊಂದು ನುಂಗಿತು. ಹೊಸ ಲೆಕ್ಕದಲ್ಲಿ ಸಾರಿಗೆ ಸಂಸ್ಥೆ ಎನಿಸಿಕೊಳ್ಳಲು ಹತ್ತು ಕಾರ್ಮಿಕರು ಬೇಕು. ಐದಕ್ಕೇ ಮುಟ್ಟದವರಿಗೆ ಹತ್ತು! 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಎಂದದ್ದಕ್ಕೆ ಮಾವ, "ಒಳ್ಳೆಯದು, ಇನ್ನೂ ಬೇಗ ನಿದ್ದೆ ಬರ್ತದೆ" ಅಂದರು.

ನಗುತ್ತಲೇ ಅಂದರು. ಆದರೆ ಪುಸ್ತಕಗಳಲ್ಲಿ ಒಂದು ಪುಟ ಇದೆ. 1997ರ ಜನವರಿ, ಅತ್ತೂರಿನ ಸಾಂತ್‌ಮಾರಿಯ ವಾರ. ಆ ದಿನ ಆರು ಟ್ರಿಪ್ ಬರೆದು, ಏಳನೆಯದನ್ನು ಅರ್ಧಕ್ಕೆ ಗೀಟು ಎಳೆದು ಹೊಡೆದುಹಾಕಿದ್ದಾರೆ. ಆ ಸಂಜೆ ಮಾವನಿಗೆ ಸ್ಟೇರಿಂಗಿನ ಮೇಲೆ ಕಣ್ಣು ಹತ್ತಿ, ಲೋಡು ಸಮೇತ ಲಾರಿ ಚರಂಡಿಗೆ ಇಳಿದಿತ್ತು. ಕ್ಲೀನರ್ ಹುಡುಗನ ಕಾಲು ಮುರಿಯಿತು. ಲೋಡು ಮುಟ್ಟದ ಕಾರಣ ಆ ಟ್ರಿಪ್ಪಿನ ಬಾಟಾ ಇಬ್ಬರಿಗೂ ಸಿಗಲಿಲ್ಲ.

ನನ್ನ ಸ್ಪ್ರೆಡ್‌ಶೀಟಿನ "ಕಾದದ್ದು" ಕಾಲಂ ತೋರಿಸಿ, ಈ ಕ್ಯೂ ಇಲ್ಲದಿದ್ದರೆ ನಿಮ್ಮ ದಿನ ಒಂಬತ್ತು ಗಂಟೆಗೆ ಮುಗಿಯುತ್ತಿತ್ತು ಮಾವ, ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಕ್ಯೂ ಇಲ್ಲದಿದ್ದರೆ ಒಂಬತ್ತಕ್ಕೆ ಯಾರು ಬಿಡ್ತಾರೆ? ಮತ್ತೆರಡು ಟ್ರಿಪ್ ಆಗ್ತಿತ್ತು ಅಷ್ಟೆ. ನಾನು ಮಲಗ್ತಾ ಇದ್ದದ್ದೇ ಕ್ಯೂವಿನಲ್ಲಿ ಮಾರಾಯ. ಮುಂದಿನ ಲಾರಿ ಹೊರಟರೆ ಹುಡುಗ ಎಬ್ಬಿಸ್ತಿದ್ದ."

ರಾತ್ರಿ ಮತ್ತೆ ಆ ಜನವರಿಯ ಪುಟ ತೆಗೆದೆ. ಜಾತ್ರೆಯೆಂದು ಅರ್ಧಕ್ಕರ್ಧ ಲಾರಿಗಳು ಬಂದಿರಲಿಲ್ಲವಂತೆ. ಕಾದದ್ದು ಎಂಟು ನಿಮಿಷ, ಹನ್ನೆರಡು, ಐದು, ಒಂಬತ್ತು, ಹತ್ತು, ಆರು, ಏಳು. ಒಂದೂ ಹದಿನೈದು ಮುಟ್ಟಿಲ್ಲ.