‘ಇಷ್ಟು ಹೊತ್ತು ಬಂದಿಲ್ಲ, ಇನ್ನು ಬಂದೇ ಬರುತ್ತೆ’: ರಮ್ಮಿಯಲ್ಲಿ ಈ ಮಾತು ನಿಜವೇ?

ಹಬ್ಬದ ರಾತ್ರಿ ಚಿಕ್ಕಲಸಂದ್ರದ ಮನೆಯೊಂದರಲ್ಲಿ 101 ರಮ್ಮಿ ನಡೆದಿದೆ ಎಂದುಕೊಳ್ಳೋಣ. ಇದರಲ್ಲಿ ಪಾಯಿಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು. 101 ಮುಟ್ಟಿದವರು ಔಟ್. ನಿಮ್ಮದು ಆಗಲೇ 75. ಈ ಸಲದ ಎಲೆಗಳೂ ಚೆನ್ನಾಗಿಲ್ಲ. ‘ನಾಲ್ಕು ಆಟದಿಂದ ಎಲೆ ಬಂದಿಲ್ಲ, ಈಗ ಬಂದೇ ಬರುತ್ತೆ, ಆಡಿ’ ಎನ್ನುತ್ತಾರೆ ಪಕ್ಕದವರು. ಆಡಬೇಕೇ, ಡ್ರಾಪ್ ಮಾಡಬೇಕೇ?

ಎಲೆಗೆ ನೆನಪಿದೆಯೇ?

ಇಲ್ಲ. ಪ್ರತಿ ಆಟಕ್ಕೂ ಎಲೆಗಳನ್ನು ಹೊಸದಾಗಿ ಕಲಸುತ್ತೇವೆ. ಹಿಂದಿನ ಸೋಲಿನಿಂದ ಮುಂದಿನ ಎಲೆ ಬದಲಾಗುವುದಿಲ್ಲ. ಬದಲಾಗುತ್ತದೆ ಎಂದುಕೊಳ್ಳುವುದೇ ‘ಜೂಜುಗಾರನ ಭ್ರಮೆ’.

ಹಾಗಾದರೆ ಲೆಕ್ಕ ಹೇಗೆ?

ಎರಡು ಕಟ್ಟು, ಎರಡು ಜೋಕರ್ ಸೇರಿ 106 ಎಲೆ. ನಿಮ್ಮ ಕೈಯಲ್ಲಿ 13, ತೆರೆದಿಟ್ಟ ಎಲೆ 1, ಆಯ್ದ ಜೋಕರ್ 1. ಕಾಣದೆ ಉಳಿದದ್ದು 91.

ಲೈಫ್ (ಜೋಕರ್ ಇಲ್ಲದ ಸೀಕ್ವೆನ್ಸ್) ಇನ್ನೂ ಆಗಿಲ್ಲ, ಆಟಿನ್ 5 ಮತ್ತು 6 ಇವೆ ಎನ್ನಿ. ಬೇಕಾದ್ದು 4 ಅಥವಾ 7. ಅಂಥ ಎಲೆ ಇರುವುದು ನಾಲ್ಕೇ. ಐದು ಸಲ ಕಟ್ಟಿನಿಂದ ಎತ್ತಿದರೂ ಸಿಗುವ ಸಾಧ್ಯತೆ ಸುಮಾರು 20%.

ಲೈಫ್ ಆಗಲೇ ಇದ್ದು, ಇದೇ 5-6 ಎರಡನೇ ಸೀಕ್ವೆನ್ಸ್‌ಗೆ ಬೇಕಿದ್ದರೆ ಜೋಕರ್ ಕೂಡ ನಡೆಯುತ್ತದೆ. ಕಾಣದ ಜೋಕರ್ 9 ಇದ್ದರೆ ಒಟ್ಟು 13 ಎಲೆ. ಐದು ಸಲದಲ್ಲಿ ಸಾಧ್ಯತೆ ಸುಮಾರು 55%. ಕೈ ನೋಡಿ ನಿರ್ಧರಿಸಬೇಕು ಎನ್ನುವುದು ಇದಕ್ಕೇ.

ಔಟ್ ಆಗುವ ಅಂಚಿನಲ್ಲಿ

ಎಲೆ ಎತ್ತುವ ಮೊದಲೇ ಡ್ರಾಪ್ ಮಾಡಿದರೆ 20 ಪಾಯಿಂಟ್. 75 ಇದ್ದವರು 95ಕ್ಕೆ ಬಂದು ಇನ್ನೊಂದು ಆಟ ಉಳಿಯುತ್ತಾರೆ. ‘ಒಂದೇ ಒಂದು ಎಲೆ ಎತ್ತಿ ನೋಡೋಣ’ ಎಂದರೆ ಡ್ರಾಪ್ 40 ಆಗುತ್ತದೆ; 115, ಅಲ್ಲಿಗೆ ಔಟ್. ಲೈಫ್ ಇಲ್ಲದೆ ಸೋತರೆ ಕೈಯಲ್ಲಿರುವ ಎಲ್ಲ ಎಲೆಯ ಪಾಯಿಂಟ್ (ಗರಿಷ್ಠ 80) ಸೇರುತ್ತದೆ. ಆದ್ದರಿಂದ 75ರಲ್ಲಿ, ಲೈಫ್ ಇಲ್ಲದ ಕೆಟ್ಟ ಕೈಗೆ ಎತ್ತುವ ಮೊದಲೇ ಡ್ರಾಪ್ ಲೇಸು. ಆದರೆ 81 ಮುಟ್ಟಿದ್ದರೆ ಡ್ರಾಪ್ ಮಾಡಿದರೂ ಔಟೇ; ಎಂಥ ಕೈ ಬಂದರೂ ಆಡುವುದೇ ದಾರಿ.

ಫೋನಿನಲ್ಲಿ ಹಣ ಇಟ್ಟು ಆಡಬಹುದೇ?

‘ರಮ್ಮಿ ಕೌಶಲದ ಆಟ, ಸುಪ್ರೀಂ ಕೋರ್ಟೇ ಹೇಳಿದೆ’ ಎನ್ನುವ ಮಾತು ಅರ್ಧ ಸತ್ಯ. 1967ರಲ್ಲಿ ಕೋರ್ಟ್ ಹಾಗೆ ಹೇಳಿದ್ದು ನಿಜ. ಆದರೆ 2025ರ ಕೇಂದ್ರ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದೆ.

ಮನೆಯ ಆಟದಲ್ಲಿ ಭ್ರಮೆಯ ಬೆಲೆ ಕೆಲವು ಪಾಯಿಂಟ್. ಹಣದ ಆಟದಲ್ಲಿ ತಿಂಗಳ ಸಂಬಳವೂ ಹೋದೀತು. ‘ಹೋದದ್ದನ್ನು ಈ ಸಲ ವಾಪಸ್ ತರುತ್ತೇನೆ’ ಎಂದು ಆಡುತ್ತಲೇ ಇರುವವರು ಮನೆಯಲ್ಲಿದ್ದರೆ ಬೈಯುವ ಬದಲು ಸಹಾಯ ಕೊಡಿಸಿ. ಟೆಲಿ-ಮಾನಸ್ ಸಹಾಯವಾಣಿ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಕ್ಲಿನಿಕ್ ಇದೆ.

ತೀರ್ಮಾನ: ‘ಇನ್ನು ಬಂದೇ ಬರುತ್ತೆ’ ಎಂಬುದು ತಪ್ಪು. ಎಣಿಸಬೇಕಾದ್ದು ಹಿಂದಿನ ಸೋಲುಗಳನ್ನಲ್ಲ, ಉಳಿದಿರುವ ಎಲೆಗಳನ್ನು.